ಪತ್ತನಾಜೆಗೆ ಮುನ್ನ ದಂಬೆ ನೋಡಿ

ಮುಂಗಾರು 2025ರಲ್ಲಿ ಕೇರಳ ಮುಟ್ಟಿದ್ದು ಮೇ 24ಕ್ಕೆ. ವಾಡಿಕೆಯ ದಿನ ಜೂನ್ 1. ಎಂಟು ದಿನ ಮೊದಲೇ ಬಂದ ಆ ಮಳೆ 2009ರ ನಂತರ ಅತಿ ಬೇಗ ಬಂದ ಮುಂಗಾರು. ತುಳುನಾಡಿನ ಲೆಕ್ಕದಲ್ಲಿ ಅದು ಪತ್ತನಾಜೆಯ ಹೊತ್ತು. ಬೇಶ ತಿಂಗಳ ಹತ್ತನೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ, ಮನೆಯ ಹೊರಗಿನ ಕೆಲಸಗಳೂ ಅಷ್ಟರೊಳಗೆ ಮುಗಿದಿರಬೇಕು. ಸೌದೆ ಕೊಟ್ಟಿಗೆ ಸೇರಿರಬೇಕು, ಒಡೆದ ಹಂಚು ಬದಲಾಗಿರಬೇಕು, ಅಂಗಳದ ಬದಿಯ ಕಣಿ ಬಿಡಿಸಿರಬೇಕು. ಈ ಪಟ್ಟಿಗೆ ಈಗ ಇನ್ನೊಂದು ಕೆಲಸ ಸೇರಬೇಕಾಗಿದೆ. ಹೆಚ್ಚಿನ ಮನೆಗಳಲ್ಲಿ ಅದಿನ್ನೂ ಸೇರಿಲ್ಲ. ಮಾಡಿನ ಅಂಚಿನಲ್ಲಿ ಮಳೆನೀರು ಹಿಡಿಯುವ ದಂಬೆಯ ಕಸ ಬಿಡಿಸುವ ಕೆಲಸ ಅದು.

ತಲಪಾಡಿ ಗಡಿ ದಾಟಿ, ತೂಮಿನಾಡು ಕಳೆದರೆ ಕಾಸರಗೋಡು ಜಿಲ್ಲೆಯ ಕುಂಜತ್ತೂರು. ಹೆದ್ದಾರಿಯ ಪಡುವಣಕ್ಕೆ ಕಡಲು, ಕಣ್ವತೀರ್ಥದ ಮರಳ ದಂಡೆ, ಗಾಳಿಮರಗಳು. ಮೂಡಣಕ್ಕೆ ಹೋದಂತೆ ತೆಂಗು, ಅಡಿಕೆ, ಮಾವು, ಹಲಸು, ಗೇರು. ಇವುಗಳ ನಡುವೆ ಮಾಡುಗಳನ್ನೇ ನೋಡುತ್ತಾ ನಡೆದರೆ ಮೂರು ಬಗೆ ಕಾಣುತ್ತವೆ: ಮಂಗಳೂರು ಹಂಚಿನ ಹಳೆಯ ಮಾಡು, ಕಾಂಕ್ರೀಟಿನ ತಾರಸಿ, ಆ ತಾರಸಿ ಸೋರತೊಡಗಿದ ಮೇಲೆ ಅದರ ಮೇಲೊಂದು ಕಬ್ಬಿಣದ ಚೌಕಟ್ಟು ನಿಲ್ಲಿಸಿ ಹೊದಿಸಿದ ಬಣ್ಣದ ಶೀಟು. ಮೂರನೆಯದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಅದರೊಡನೆ ಪಿವಿಸಿಯ ದಂಬೆಯೂ ನೆಲದಿಂದ ಇಪ್ಪತ್ತು ಅಡಿ ಮೇಲಕ್ಕೆ ಏರಿದೆ. ಕೈಗೂ ಸಿಗುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ.

ಹಳೆಯ ದಂಬೆ ಹೀಗಿರಲಿಲ್ಲ. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳನ್ನು ಕೆತ್ತಿ ತೆಗೆದರೆ ದಂಬೆ ಸಿದ್ಧ. ಮುಳಿಹುಲ್ಲು, ಸೋಗೆ, ಮಡಲಿನ ಮಾಡುಗಳ ಕಾಲದಲ್ಲಿ ಸೂರು ತಗ್ಗಿನಲ್ಲೇ ಇರುತ್ತಿತ್ತು, ಬಗ್ಗಿಯೇ ಜಗಲಿ ಹತ್ತಬೇಕು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನಿಧಾನವಾಗಿ ಹುಲ್ಲಿನ ಜಾಗಕ್ಕೆ ಹಂಚು ಬಂತು. ಸೂರು ಸ್ವಲ್ಪ ಎತ್ತರವಾಯಿತು, ಆದರೂ ದಂಬೆ ಏಣಿಯ ಮೂರನೇ ಮೆಟ್ಟಿಲಿಗೆ ಸಿಗುವಷ್ಟರಲ್ಲೇ ಇತ್ತು. ಬಚ್ಚಲಿನ ಹಂಡೆಗೋ ಅಂಗಳದ ಬಾನಿಗೋ ನೀರು ಬೀಳುವಂತೆ ಅದನ್ನು ಹಗ್ಗದಲ್ಲಿ ತೂಗಿ ಕಟ್ಟುತ್ತಿದ್ದರು. ಮಳೆ ಮುಗಿದರೆ ಬಿಚ್ಚಿ ಹಟ್ಟಿಯ ಅಟ್ಟಕ್ಕೆ ಸೇರಿಸಬಹುದು, ಮುಂದಿನ ವರ್ಷಕ್ಕೆ ಲಡ್ಡಾಗಿದ್ದರೆ ಒಲೆಗೆ ಹಾಕಿ ಹೊಸದೊಂದು ಸೀಳಬಹುದು. ಕಟ್ಟುವಾಗ, ಬಿಚ್ಚುವಾಗ ಅದು ತಾನಾಗಿ ಸ್ವಚ್ಛವಾಗುತ್ತಿತ್ತು. ದಂಬೆ ತೊಳೆಯುವುದೆಂಬ ಬೇರೆ ಕೆಲಸವೇ ಇರಲಿಲ್ಲ.

ಪಿವಿಸಿಯ ದಂಬೆ ಒಮ್ಮೆ ಕ್ಲಾಂಪಿಗೆ ಕೂತರೆ ಕೂತಿತು. ಬೇಸಿಗೆಯಲ್ಲೂ ಅಲ್ಲೇ, ಮಳೆಗಾಲದಲ್ಲೂ ಅಲ್ಲೇ. ಕಡಲ ಉಪ್ಪುಗಾಳಿಗೆ ತಗಡಿನ ದಂಬೆ ತುಕ್ಕು ಹಿಡಿದು ತೂತಾಗುತ್ತದೆ. ಹಾಗಾಗಿ ಕುಂಜತ್ತೂರಿನಂಥ ಊರಿಗೆ ಪಿವಿಸಿ ಒಳ್ಳೆಯ ಆಯ್ಕೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಡಿಕೆ ದಂಬೆಗೆ ವರ್ಷಕ್ಕೊಮ್ಮೆ ತನ್ನಿಂತಾನೇ ಸಿಗುತ್ತಿದ್ದ ಆರೈಕೆಯನ್ನು ಪಿವಿಸಿಗೆ ನಾವೇ ಹೋಗಿ ಕೊಡಬೇಕು. ದಂಬೆ ಬದಲಾಯಿತು, ಅದಕ್ಕೆ ತಕ್ಕ ರೂಢಿ ಇನ್ನೂ ಬರಲಿಲ್ಲ.

ಒಳಗೇನಿದೆ?

ಮೂರು ನಾಲ್ಕು ವರ್ಷ ಕೈ ಹಾಕದ ದಂಬೆಯೊಂದನ್ನು ಬಿಚ್ಚಿ ಅಂಗಳಕ್ಕೆ ಇಳಿಸಿ ನೋಡಿದರೆ ಕಸ ಪದರ ಪದರವಾಗಿ ಕೂತಿರುತ್ತದೆ. ಮೇಲೆ ಒಣಗಿದ ಮಾವಿನ, ಹಲಸಿನ ತರಗೆಲೆ. ಅದರಡಿ ತೆಂಗಿನ ಹೂವಿನ ಉದುರು, ಅಕ್ಕಿಕಾಳಿನಷ್ಟು ಸಣ್ಣದು, ಒಂದಕ್ಕೊಂದು ಅಂಟಿ ಹಾಸಿನಂತೆ ಕಟ್ಟಿಕೊಂಡಿರುತ್ತದೆ. ಅದನ್ನು ಎತ್ತಿದರೆ ಕರ್ರಗಿನ, ನುಣುಪಾದ ಮಣ್ಣು. ಹಂಚಿನ ಹಾವಸೆ, ಹೆದ್ದಾರಿಯ ಧೂಳು, ಕೊಳೆತ ಎಲೆ ಎಲ್ಲ ಸೇರಿ ಆದದ್ದು. ಎರೆಹುಳ ಇರುತ್ತದೆ. ಹಕ್ಕಿ ಹಾಕಿದ ಬೀಜದಿಂದ ಹುಟ್ಟಿದ ಗೇಣುದ್ದದ ಅಶ್ವತ್ಥದ ಗಿಡ ಇರುತ್ತದೆ, ಅದರ ಬೇರು ಜೋಡಣೆಯ ಸಂದಿಯೊಳಗೆ ನುಗ್ಗಿ ರಬ್ಬರನ್ನು ಆಚೆಗೆ ತಳ್ಳಿರುತ್ತದೆ. ಕಡಲ ಬದಿಯ ಮನೆಗಳಲ್ಲಿ ಇದೆಲ್ಲದರ ಜಾಗದಲ್ಲಿ ಗಾಳಿಮರದ ಸೂಜಿಯೆಲೆ, ಅದಂತೂ ಇಳಿಪೈಪಿನ ಬಾಯಿಯಲ್ಲಿ ಹೆಣೆದುಕೊಂಡು ಬಿರಡೆ ಹಾಕಿದ ಹಾಗೆ ಕೂರುತ್ತದೆ.

ತೂಕದ ಲೆಕ್ಕ ನೋಡಿ. ಆರಿಂಚು ಅಗಲದ ಅರೆವೃತ್ತದ ದಂಬೆ ತುಂಬಿ ನಿಂತರೆ ಒಂದು ಮೀಟರಿಗೆ ಹತ್ತಿರ ಹತ್ತಿರ 9 ಲೀಟರ್ ನೀರು. ಇಪ್ಪತ್ತು ಅಡಿಯ ಒಂದು ಪೈಪಿನ ಉದ್ದಕ್ಕೆ 50 ಕಿಲೋ ದಾಟುತ್ತದೆ. ಕೆಸರಾದರೆ ಇನ್ನೂ ಹೆಚ್ಚು. ಬಿಸಿಲಿಗೆ ಸೊರಗಿ ಪೆಡಸಾದ ಪ್ಲಾಸ್ಟಿಕ್ ಕ್ಲಾಂಪುಗಳು ಈ ಭಾರಕ್ಕೆ ಒಂದೊಂದಾಗಿ ಬಿಡುತ್ತವೆ. ಒಂದು ಕಡೆ ಬಿಟ್ಟರೆ ಇಳಿಜಾರು ಕೆಟ್ಟಿತು. ಇಳಿಜಾರು ಕೆಟ್ಟರೆ ನೀರು ನಿಂತಿತು.

ಬರುವ ನೀರೇನೂ ಅಲ್ಪವಲ್ಲ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3500 ಮಿಲಿಮೀಟರ್ ಮಳೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರಡಿಯ ಮಾಡು ಅಂದರೆ ಸುಮಾರು 93 ಚದರ ಮೀಟರ್; ವರ್ಷಕ್ಕೆ ಅದರ ಮೇಲೆ ಬೀಳುವುದು ಮೂರು ಲಕ್ಷ ಲೀಟರಿಗೂ ಮಿಗಿಲು. ಹವಾಮಾನ ಇಲಾಖೆ ಆರೆಂಜ್ ಅಲರ್ಟ್ ಕೊಡುವುದು ದಿನಕ್ಕೆ 115.6ರಿಂದ 204.4 ಮಿ.ಮೀ. ಮಳೆಗೆ. ಅಂಥ ಒಂದೇ ದಿನ ಈ ಮಾಡಿನಿಂದ ಹತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ಗಂಟೆಗೆ 50 ಮಿ.ಮೀ.ನಂತೆ ಜಡಿದರೆ ಒಂದು ಬದಿಯ ದಂಬೆ ನಿಮಿಷಕ್ಕೆ ಎರಡೂವರೆ ಬಾಲ್ದಿ ಹೊರಬೇಕು. ಕಟ್ಟಿಕೊಂಡ ದಂಬೆಗೆ ಅದಾಗದು. ನೀರು ಹಿಂಬದಿಯಿಂದ ಉಕ್ಕಿ ಗೋಡೆಗೆ ಇಳಿಯುತ್ತದೆ, ಹಂಚಿನ ಮನೆಯಾದರೆ ಪಕ್ಕಾಸಿನ ತುದಿ, ರೀಪು ಎರಡೂ ಕೊಳೆಯತೊಡಗುತ್ತವೆ. ಕೆಂಪುಕಲ್ಲಿನ ಗೋಡೆ ನೀರು ಕುಡಿದರೆ ಒಳಗಿನ ಗಾರೆ ಉಬ್ಬಿ ಉದುರುತ್ತದೆ. ಎಷ್ಟೋ ಮನೆಗಳಲ್ಲಿ ತಾರಸಿ ಸೋರುತ್ತಿದೆ ಎಂದು ಮೇಸ್ತ್ರಿಯನ್ನು ಕರೆಸುತ್ತಾರೆ. ಸೋರುವುದು ತಾರಸಿಯಲ್ಲ, ಉಕ್ಕಿದ ದಂಬೆ.

ಸೊಳ್ಳೆಯದು ಇನ್ನೊಂದು ಕತೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ದೊಡ್ಡ ಕೆರೆ ಬೇಡ, ಇಳಿಜಾರು ಕೆಟ್ಟ ದಂಬೆಯಲ್ಲಿ ನಿಂತ ಬೊಗಸೆ ನೀರು ಸಾಕು. ಮೊಟ್ಟೆ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ. ಕೇರಳದ ಆರೋಗ್ಯ ಇಲಾಖೆ ಶುಕ್ರವಾರ ಶಾಲೆಗಳಲ್ಲಿ, ಶನಿವಾರ ಕಚೇರಿಗಳಲ್ಲಿ, ಭಾನುವಾರ ಮನೆಗಳಲ್ಲಿ ‘ಡ್ರೈ ಡೇ’ ಮಾಡಿ ಎಂದು ಹೇಳುವುದು ಈ ಲೆಕ್ಕದ ಮೇಲೆಯೇ. ಭಾನುವಾರ ಎಲ್ಲರೂ ಹೂಕುಂಡದ ತಟ್ಟೆ, ಟಯರು, ಗೆರಟೆ, ಅಡಿಕೆ ಹಾಳೆ ನೋಡುತ್ತಾರೆ. ತಲೆಯ ಮೇಲಿನ ದಂಬೆಯನ್ನು ಯಾರೂ ನೋಡುವುದಿಲ್ಲ.

ಯಾವ ಸಾಧನ, ಯಾವ ಕೈ

ಕೈಗೆ ಸಿಗುವ ಎತ್ತರದಲ್ಲಿ ದಂಬೆಯಿದ್ದರೆ ಕೈಗಿಂತ ಒಳ್ಳೆಯ ಸಾಧನವಿಲ್ಲ. ಆದರೆ ದಪ್ಪ ರಬ್ಬರ್ ಗ್ಲೌಸ್ ಹಾಕಿಯೇ ಕೈ ಇಡಬೇಕು. ಇಲಿಗಳು ದಂಬೆಯನ್ನೇ ದಾರಿ ಮಾಡಿಕೊಂಡು ಓಡಾಡುತ್ತವೆ, ಅವುಗಳ ಮೂತ್ರ ಸೇರಿದ ಕೆಸರು ಕೈಯ ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಚೇಳು, ಕಣಜದ ಗೂಡೂ ಇದ್ದೀತು. ಕೆಸರು ತೋಡಲು ಉದ್ದ ಹಿಡಿಯ ಕರಣೆ ಬೇಡ, ಅದರ ಚೂಪು ಮೂಲೆ ಪಿವಿಸಿಯನ್ನು ಗೀರುತ್ತದೆ. ಎಣ್ಣೆಯ ಪ್ಲಾಸ್ಟಿಕ್ ಕ್ಯಾನಿನ ಮೂಲೆಯನ್ನು ಓರೆಯಾಗಿ ಕತ್ತರಿಸಿದರೆ ಸಿಗುವ ಮೊರ ಚೆನ್ನಾಗಿ ಬಾಗುತ್ತದೆ, ಅರೆವೃತ್ತಕ್ಕೆ ಸರಿಯಾಗಿ ಕೂರುತ್ತದೆ. ಒಳ್ಳೆಯ ಗಾತ್ರದ ತೆಂಗಿನ ಗೆರಟೆಯ ಅರೆಯೂ ಅಷ್ಟೇ ಅನುಕೂಲ. ಒಣಗಿದ ಅಡಿಕೆ ಹಾಳೆಯ ತುಂಡಿನಿಂದ ತಳ ಕೆರೆದರೆ ಗೀರು ಬೀಳದೆ ಮಣ್ಣು ಏಳುತ್ತದೆ. ಕೊನೆಗೆ ಹಿಡಿಸೂಡಿ.

ಎಲ್ಲಿಂದ ಶುರು ಮಾಡುತ್ತೀರಿ ಎನ್ನುವುದು ಯಾವುದರಿಂದ ಮಾಡುತ್ತೀರಿ ಎನ್ನುವುದಕ್ಕಿಂತ ಮುಖ್ಯ. ಮೊದಲು ಇಳಿಪೈಪಿನ ಬಾಯಿಗೆ ಹಳೆ ಬಟ್ಟೆಯ ಮುದ್ದೆ ತುರುಕಬೇಕು. ಅಲ್ಲಿಂದ ಆರಂಭಿಸಿ ದೂರದ ತುದಿಯ ಕಡೆಗೆ ಕಸ ಎತ್ತುತ್ತಾ ಹೋಗಬೇಕು, ಬಾಲ್ದಿಗೆ ಹಗ್ಗ ಕಟ್ಟಿ ಕೆಳಗೆ ಇಳಿಸಬೇಕು. ಎಲ್ಲ ಎತ್ತಿಯಾದ ಮೇಲೆ ಬಟ್ಟೆ ತೆಗೆದು, ದೂರದ ತುದಿಯಿಂದ ಪೈಪಿನ ಕಡೆಗೆ ನೀರು ಬಿಡಬೇಕು. ಹೆಚ್ಚಿನವರು ಮಾಡುವುದು ಇದರ ತಿರುವುಮುರುವು. ಮೊದಲೇ ಪೈಪು ಹಿಡಿದು ನೀರು ಬಿಡುತ್ತಾರೆ, ಕಸವೆಲ್ಲ ಹೋಗಿ ಇಳಿಪೈಪಿನ ಬೆಂಡಿನಲ್ಲಿ ಬೆಣೆಯಂತೆ ಕೂರುತ್ತದೆ. ಆಮೇಲೆ ಬೆಂಡನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಕಟ್ಟಿದ ಇಳಿಪೈಪನ್ನು ಕೆಳಗಿನಿಂದ ಮೇಲಕ್ಕೆ ಬಿಡಿಸುವುದೇ ಕ್ರಮ: ಪೈಪನ್ನು ಬೆರಳಿನಿಂದ ತಟ್ಟುತ್ತಾ ಹೋದರೆ ಸದ್ದು ಎಲ್ಲಿ ಮಂದವಾಗುತ್ತದೋ ಅಲ್ಲಿ ಕಸವಿದೆ. ಕೆಳಗಿನ ಬಾಯಿಯಿಂದ ನೀರಿನ ಹೋಸನ್ನೋ ಪ್ಲಂಬರನ ಸ್ಪ್ರಿಂಗ್ ತಂತಿಯನ್ನೋ ತೂರಿಸಿ ಸಡಿಲಿಸಿದರೆ ಕಸ ಕೆಳಕ್ಕೇ ಬೀಳುತ್ತದೆ.

ಇಪ್ಪತ್ತು ಅಡಿ ಎತ್ತರದ ದಂಬೆಗೆ ಮಾತ್ರ ನನ್ನ ಅಭಿಪ್ರಾಯ ಖಡಾಖಂಡಿತ. ನೆಲದ ಮೇಲೆ ನಿಂತೇ ಮಾಡಿ. ನಮ್ಮ ಊರುಗಳಿಗೆ ಉದ್ದ ಕೋಲಿನ ಕೆಲಸ ಹೊಸದಲ್ಲ. ಮಾವು, ಗೇರು ಕೊಯ್ಯುವ ಬಿದಿರಿನ ದೋಟಿ ಮನೆಮನೆಯಲ್ಲಿದೆ. ಅಡಿಕೆ ತೋಟದವರು ಈಗ ಕಾರ್ಬನ್ ಫೈಬರಿನ ದೋಟಿ ಹಿಡಿದು ನೆಲದಿಂದಲೇ ಕೊನೆ ಕೊಯ್ಯುತ್ತಾರೆ, ಮದ್ದು ಬಿಡುತ್ತಾರೆ. ಅದೇ ಕೋಲಿನ ತುದಿಗೆ ಮೊಂಡ ಕೊಕ್ಕೆಯೊಂದನ್ನು ಕಟ್ಟಿದರೆ ತರಗೆಲೆ ಎಳೆಯಬಹುದು. ಇಂಗ್ಲಿಷಿನ ‘ಯು’ ಅಕ್ಷರವನ್ನು ಬುಡಮೇಲು ಮಾಡಿದಂತೆ ಪಿವಿಸಿ ಬೆಂಡುಗಳನ್ನು ಜೋಡಿಸಿ, ತುದಿಯಲ್ಲಿ ಸಣ್ಣ ಬಾಯಿ ಇಟ್ಟು, ಕೆಳಗೆ ಪಂಪಿನ ಹೋಸು ಸಿಕ್ಕಿಸಿದರೆ ನೀರು ಮೇಲೆ ಹೋಗಿ ತಿರುಗಿ ದಂಬೆಯೊಳಕ್ಕೇ ಬೀಳುತ್ತದೆ. ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುವ ಸಾಮಾನಿನಲ್ಲೇ ಇದು ಆಗುತ್ತದೆ. ಕೋಲಿನ ತುದಿಗೆ ಸಣ್ಣ ಕನ್ನಡಿಯನ್ನೋ ಮೊಬೈಲನ್ನೋ ಕಟ್ಟಿ ಮೊದಲು ಒಳಗಿನ ಸ್ಥಿತಿ ನೋಡಿಕೊಂಡರೆ ಅರ್ಧ ಕೆಲಸ ಉಳಿಯುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು. ಅಲ್ಯೂಮಿನಿಯಂನಂತೆ ಕಾರ್ಬನ್ ಫೈಬರಿನಲ್ಲೂ ವಿದ್ಯುತ್ ಹರಿಯುತ್ತದೆ. ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ, ಹಗುರವಾಗಿದೆ, ಹಾಗಾಗಿ ಕರೆಂಟು ಹೊಡೆಯದು ಎಂಬ ನಂಬಿಕೆ ಹಲವರಲ್ಲಿದೆ. ಅದು ಪ್ರಾಣ ತೆಗೆಯುವ ನಂಬಿಕೆ. ಒದ್ದೆ ಬಿದಿರೂ ಸುರಕ್ಷಿತವಲ್ಲ. ಮನೆಗೆ ಬರುವ ಸರ್ವಿಸ್ ತಂತಿ ಎಷ್ಟೋ ಕಡೆ ದಂಬೆಯ ಪಕ್ಕದಲ್ಲೇ ಹಾದುಹೋಗುತ್ತದೆ. ರಸ್ತೆಯ ಲೈನು ಮಾಡಿಗೆ ತೀರಾ ಹತ್ತಿರವಿರುವ ಮನೆಗಳೂ ಇವೆ. ಆ ಬದಿಯಲ್ಲಿ ಕೋಲು ಎತ್ತುವುದಕ್ಕೆ ಮೊದಲು ಕೆಎಸ್‌ಇಬಿ ಸೆಕ್ಷನ್ ಕಚೇರಿಗೆ ತಿಳಿಸಿ, ಲೈನು ಆಫ್ ಮಾಡಿಸಿಕೊಳ್ಳಬೇಕು. ಮನೆಯ ಮೈನ್ ಸ್ವಿಚ್ ಇಳಿಸಿದರೆ ಸರ್ವಿಸ್ ತಂತಿಯ ಕರೆಂಟು ಹೋಗುವುದಿಲ್ಲ.

ಏಣಿ ಹತ್ತಲೇಬೇಕಾದರೆ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ಗೋಡೆಯಿಂದ ದೂರವಿರಬೇಕು. ಹದಿನಾರು ಅಡಿಗೆ ನಾಲ್ಕು ಅಡಿ. ಏಣಿಯ ತಲೆಯನ್ನು ದಂಬೆಗೆ ಆನಿಸಬಾರದು, ಅದು ಜಾರುತ್ತದೆ ಅಥವಾ ಮುರಿಯುತ್ತದೆ. ಕೆಳಗೊಬ್ಬರು ಹಿಡಿದು ನಿಲ್ಲಬೇಕು. ಸೊಂಟ ಏಣಿಯ ಎರಡು ಕಾಲುಗಳ ನಡುವೆಯೇ ಇರಬೇಕು. ಇನ್ನೊಂದು ಅರ್ಧ ಅಡಿ ಚಾಚಿದರೆ ಸಿಗುತ್ತದೆ ಅನ್ನಿಸಿದ ಕ್ಷಣ ಇಳಿದು ಏಣಿ ಸರಿಸಬೇಕು. ಹಂಚು, ಸಿಮೆಂಟ್ ಶೀಟುಗಳ ಮೇಲೆ ಕಾಲಿಡಲೇಬಾರದು. ಹಳೆಯ ಆಸ್ಬೆಸ್ಟಾಸ್ ಶೀಟಾದರೆ ಒಣಗಿದ್ದಾಗ ಉಜ್ಜುವುದೂ ಬೇಡ, ಪ್ರೆಶರ್ ವಾಷರ್ ಹಿಡಿಯುವುದೂ ಬೇಡ. ಅದರ ನೂಲು ಶ್ವಾಸಕೋಶಕ್ಕೆ ಹೋಗುತ್ತದೆ. ಗಂಡುಮಕ್ಕಳು ಗಲ್ಫಿನಲ್ಲೋ ಮುಂಬೈಯಲ್ಲೋ ಇದ್ದು, ಮನೆಯಲ್ಲಿ ವಯಸ್ಸಾದವರಷ್ಟೇ ಉಳಿದಿರುವ ಮನೆಗಳು ಮಂಜೇಶ್ವರದ ಸುತ್ತಮುತ್ತ ಕಡಿಮೆಯಿಲ್ಲ. ಅಂಥ ಮನೆಗಳ ಹಿರಿಯರಲ್ಲಿ ಕೈಮುಗಿದು ಕೇಳುವುದಿಷ್ಟೇ: ಏಣಿ ಹತ್ತಬೇಡಿ. ಶೀಟು ಕೆಲಸದ ಹುಡುಗರನ್ನು ಕರೆಸಿ, ಅವರು ಕೇಳಿದ ಕೂಲಿ ಕೊಡಿ. ಹತ್ತುವವರಿಗೆ ಸೊಂಟದ ಬೆಲ್ಟು ಇದೆಯೇ ಎಂದು ನೋಡುವುದು ಕೆಲಸ ಮಾಡಿಸುವವರ ಹೊಣೆ.

ಯಂತ್ರಗಳ ಮಾತು ಬೇಗ ಮುಗಿಯುತ್ತದೆ. ಎಲೆ ಹಾರಿಸುವ ಬ್ಲೋವರ್ ಏಪ್ರಿಲ್–ಮೇ ತಿಂಗಳ ಒಣ ಎಲೆಗೆ ಚೆನ್ನ, ಜೂನ್ ತಿಂಗಳ ಕೆಸರಿಗೆ ನಿಷ್ಪ್ರಯೋಜಕ. ಒದ್ದೆ ಕಸ ಎಳೆಯುವ ವ್ಯಾಕ್ಯೂಮಿಗೆ ಉದ್ದ ಕೊಳವೆ ಸಿಕ್ಕಿಸಿ ಕೆಳಗಿನಿಂದಲೇ ಎಳೆಯಬಹುದು, ಆದರೆ ತೆಂಗಿನ ನಾರು ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಐರೋಬೋಟ್ ಕಂಪನಿ 2007ರಲ್ಲಿ ‘ಲೂಜ್’ ಎಂಬ ಪುಟ್ಟ ರೋಬೋಟನ್ನು ತಂದಿತು. ದಂಬೆಯೊಳಗೆ ಟ್ಯಾಂಕಿನಂತೆ ಸರಿಯುತ್ತಾ, ಮುಂದಿನ ಸುರುಳಿಯಿಂದ ಕಸ ಹೊರಕ್ಕೆ ಎಸೆಯುವಂಥದ್ದು. ಅದನ್ನು ದಂಬೆಯೊಳಗೆ ಇಡಲಿಕ್ಕೂ ಒಮ್ಮೆ ಏಣಿ ಹತ್ತಲೇಬೇಕು.

ಜಾಲರಿಯ ಬಗ್ಗೆ ತುಂಬ ಜನ ಕೇಳುತ್ತಾರೆ. ಹಾಕಿಸಿದರೆ ಒಳ್ಳೆಯದೇ, ಮಾವು ಹಲಸಿನ ಅಗಲ ಎಲೆ ತಡೆಯುತ್ತದೆ. ತೆಂಗಿನ ಹೂವೂ ಗಾಳಿಮರದ ಸೂಜಿಯೂ ಅದರ ಕಣ್ಣಿನೊಳಗಿಂದ ಇಳಿಯುತ್ತವೆ ಅಥವಾ ಅಲ್ಲೇ ಸಿಕ್ಕಿ ಮುಚ್ಚಿಬಿಡುತ್ತವೆ. ಜಾಲರಿ ಹಾಕಿದ ದಂಬೆಯನ್ನು ಮರೆತರೆ, ಹಾಕದ ದಂಬೆಯನ್ನು ಮರೆತದ್ದಕ್ಕಿಂತ ಕಷ್ಟ. ಕಸದ ಜೊತೆ ಜಾಲರಿಯನ್ನೂ ಬಿಚ್ಚಬೇಕು. ಮಾಡಿನ ಮೇಲೆ ಬಾಗಿದ ಕೊಂಬೆ ಕಡಿಸುವುದು ಎಲ್ಲ ಜಾಲರಿಗಿಂತ ಅಗ್ಗ.

ಬಾವಿಗೆ ಹೋಗುವ ನೀರು

ಕೇರಳ 2004ರಲ್ಲಿ ಕಟ್ಟಡ ನಿಯಮಗಳಿಗೆ ತಿದ್ದುಪಡಿ ತಂದು ಹೊಸ ಕಟ್ಟಡಗಳಿಗೆ ಮಳೆನೀರ ಕೊಯ್ಲನ್ನು ಕಡ್ಡಾಯ ಮಾಡಿತು. ತ್ರಿಶೂರ್ ಜಿಲ್ಲೆಯಲ್ಲಿ 2008ರಲ್ಲಿ ಆರಂಭವಾದ ‘ಮಳಪ್ಪೊಲಿಮ’ ಯೋಜನೆ ಮಾಡಿನ ನೀರನ್ನು ದಂಬೆಯಲ್ಲಿ ಹಿಡಿದು, ಸೋಸಿ, ತೆರೆದ ಬಾವಿಗೇ ಇಳಿಸುವುದನ್ನು ಸಾವಿರಾರು ಮನೆಗಳಿಗೆ ಕಲಿಸಿತು. ನಮ್ಮದೇ ಜಿಲ್ಲೆಯ ವಾಣೀನಗರದ ಪತ್ರಕರ್ತ ಶ್ರೀ ಪಡ್ರೆ ದಶಕಗಳಿಂದ ಮಳೆಕೊಯ್ಲಿನ ಬಗ್ಗೆ ಬರೆಯುತ್ತಲೇ ಬಂದಿದ್ದಾರೆ. ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿದೂ ಏಪ್ರಿಲಿನಲ್ಲಿ ಬಾವಿಯ ತಳ ಕಾಣುವ ಊರುಗಳಿಗೆ ಇದಕ್ಕಿಂತ ಸರಳ ದಾರಿ ನನಗೆ ಗೊತ್ತಿಲ್ಲ. ಕಡಲ ಹತ್ತಿರದ ಬಾವಿಗಳಲ್ಲಂತೂ ಸಿಹಿನೀರಿನ ಮಟ್ಟ ಮೇಲಿದ್ದಷ್ಟೂ ಉಪ್ಪುನೀರು ಒಳನುಗ್ಗುವುದು ಕಡಿಮೆ.

ಹಾಗಾಗಿಯೇ ದಂಬೆಯ ಕೊಳೆ ಬರೀ ಗೋಡೆಯ ಸಮಸ್ಯೆಯಲ್ಲ. ಬಾವಿಗೆ ಜೋಡಿಸಿದ ದಂಬೆಯಲ್ಲಿ ಸತ್ತ ಹಲ್ಲಿ, ಕಾಗೆಯ ಹಿಕ್ಕೆ, ಇಲಿಯ ಹೊಲಸು ಇದ್ದರೆ ಅದೆಲ್ಲ ಕುಡಿಯುವ ನೀರಿಗೆ ಹೋಗುತ್ತದೆ. ಅಡಿಕೆ ತೋಟದ ನಡುವಿನ ಮನೆಗಳಿಗೆ ಇನ್ನೂ ಒಂದು ಮಾತಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದು ಮುಂಗಾರಿನ ಹೊಸ್ತಿಲಲ್ಲಿ, ಮತ್ತೆ ನಲವತ್ತು ನಲವತ್ತೈದು ದಿನ ಬಿಟ್ಟು. ಮೈಲುತುತ್ತು ಮತ್ತು ಸುಣ್ಣದ ಆ ದ್ರಾವಣ ಗಾಳಿಗೆ ತೇಲಿ ಮಾಡಿನ ಮೇಲೂ ಕೂರುತ್ತದೆ. ಸಿಂಪಡಿಸುವ ದಿನ ಬಾವಿಯ ಪೈಪನ್ನು ಬೇರೆ ಕಡೆಗೆ ತಿರುಗಿಸಿಡಬೇಕು. ಸಿಂಪಡಣೆಯ ತೊಂದರೆ ಇಲ್ಲದ ಮನೆಗಳಲ್ಲೂ ಮೊದಲ ಒಂದೆರಡು ಜೋರು ಮಳೆಯ ನೀರನ್ನು ತೋಟಕ್ಕೇ ಬಿಡಬೇಕು. ಸೋಸುವ ಡ್ರಮ್ಮಿನ ಮರಳು, ಇದ್ದಿಲುಗಳನ್ನು ವರ್ಷಕ್ಕೊಮ್ಮೆ ತೊಳೆದು ಒಣಗಿಸಬೇಕು. ದಂಬೆಯಿಂದ ತೆಗೆದ ಕಪ್ಪು ಮಣ್ಣು ಮಾತ್ರ ತೆಂಗಿನ ಬುಡಕ್ಕೆ ಒಳ್ಳೆಯ ಗೊಬ್ಬರ.

ವರ್ಷಕ್ಕೆ ಎಷ್ಟು ಸಲ? ಪತ್ತನಾಜೆಗೆ ಮುನ್ನ ಒಮ್ಮೆ, ಪೂರ್ತಿಯಾಗಿ. ಆಟಿ ತಿಂಗಳಲ್ಲಿ ಮಳೆ ಬಿಡುವು ಕೊಟ್ಟ ದಿನ ಇಳಿಪೈಪಿನ ಬಾಯಿಯಷ್ಟನ್ನು ಒಮ್ಮೆ. ತುಲಾ ಮಳೆ ಮುಗಿದ ಮೇಲೆ ಇನ್ನೊಮ್ಮೆ ನೋಡಿ, ನೀರು ನಿಲ್ಲದಂತೆ ಮಾಡಿಟ್ಟರೆ ಆಯಿತು. ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬನ್ನಿ. ನೀರು ಎಲ್ಲಿ ಉಕ್ಕುತ್ತದೆ, ಎಲ್ಲಿ ತೊಟ್ಟಿಕ್ಕುತ್ತದೆ ಎಂಬುದು ಆಗ ಕಂಡಷ್ಟು ಸ್ಪಷ್ಟವಾಗಿ ಮತ್ತೆಂದೂ ಕಾಣದು.

ಹೊಸದಾಗಿ ಶೀಟು ಹಾಕಿಸುವವರು ದರ ಮಾತಾಡುವ ದಿನವೇ ಇದನ್ನೂ ಮಾತಾಡಿಕೊಳ್ಳಿ. ದಂಬೆಯ ಎರಡೂ ತುದಿಗೆ ಅಂಟು ಹಾಕದ, ಕೈಯಲ್ಲಿ ಬಿಚ್ಚಬಹುದಾದ ಮುಚ್ಚಳ ಇರಲಿ. ಹತ್ತು ಅಡಿಗೆ ಅರ್ಧ ಇಂಚಾದರೂ ಇಳಿಜಾರು ಬೇಕು. ಉದ್ದ ದಂಬೆಗೆ ಒಂದೇ ಇಳಿಪೈಪು ಸಾಲದು, ಎರಡು ಕೊಡಿಸಿ. ಇಳಿಪೈಪಿನ ಬುಡದಲ್ಲಿ, ನೆಲದಿಂದ ಎದೆಯೆತ್ತರದೊಳಗೆ, ಬಿಚ್ಚಿ ತೊಳೆಯುವ ಬಾಯೊಂದನ್ನು ಇಡಿಸಿ. ತಾರಸಿಯ ಮೇಲೆ ನಿಂತರೆ ದಂಬೆಗೆ ಕೈ ಎಟಕುವಂತೆ ಶೀಟಿನ ಅಂಚನ್ನು ಇರಿಸಲು ಸಾಧ್ಯವೇ ಎಂದು ಕೇಳಿ. ಬಹಳಷ್ಟು ಮನೆಗಳಲ್ಲಿ ಸಾಧ್ಯವಿದೆ, ಯಾರೂ ಕೇಳದಿರುವುದರಿಂದ ಮಾಡುವುದಿಲ್ಲ. ಚೌಕಟ್ಟಿಗೆ ವೆಲ್ಡಿಂಗ್ ಆಗಿ ಶೀಟು ಏರಿದ ಮೇಲೆ ಇದರಲ್ಲಿ ಯಾವುದನ್ನೂ ಕಡಿಮೆ ಖರ್ಚಿನಲ್ಲಿ ಮಾಡಿಸಲಾಗದು.